ಎಳೆಯ ಹಣ್ಣಿನ ಗಿಡಗಳ ಎಲೆ ರೋಗಗಳು: ಮರಿಯಮ್ಮನಹಳ್ಳಿ ಸೀಮೆಯ ಬೆಳೆಗಾರರಿಗೆ

(ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ದಾಳಿಂಬೆ ಈ ಸೀಮೆಗೆ ಹೊಸ ಹಣ್ಣಲ್ಲ. ಸುಮಾರು 1520ರ ವೇಳೆಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂದು ಹಂಪಿಯೆನಿಸಿರುವ ಆ ಪಟ್ಟಣದ ಪೇಟೆಯಲ್ಲಿ ದೊರೆಯುತ್ತಿದ್ದ ಹಣ್ಣುಗಳನ್ನು ಹೆಸರಿಸುವಾಗ ದ್ರಾಕ್ಷಿ, ಕಿತ್ತಳೆ, ನಿಂಬೆಗಳೊಡನೆ ದಾಳಿಂಬೆಯನ್ನೂ ಸೇರಿಸಿದ್ದಾನೆ. ಹೊಸದಾಗಿರುವುದು ಹಣ್ಣಲ್ಲ, ಅದನ್ನು ಬೆಳೆಯುವ ರೀತಿ. ಒಂದೇ ತಳಿಯ ನೂರಾರು ಗಿಡಗಳನ್ನು ಒತ್ತೊತ್ತಾಗಿ ನೆಟ್ಟು, ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಉಣಿಸಿ, ಸಾಲ ತಂದು, ದೂರದ ಮಾರುಕಟ್ಟೆಯನ್ನೇ ನೆಚ್ಚಿಕೊಂಡು ಬೆಳೆಯುವ ಕ್ರಮ ಹೊಸದು. ಈ ಕ್ರಮದ ಜೊತೆಯಲ್ಲಿಯೇ ಬಂದದ್ದು ದುಂಡಾಣು ಅಂಗಮಾರಿ ರೋಗ.

ಈ ರೋಗವನ್ನು ಭಾರತದಲ್ಲಿ ಮೊದಲು ದೆಹಲಿಯಲ್ಲಿ ಗುರುತಿಸಿ ವರದಿ ಮಾಡಿದ್ದು 1952ರಲ್ಲಿ. 1959ರ ವೇಳೆಗೆ ಬೆಂಗಳೂರಿನಲ್ಲಿಯೂ ಅದು ಕಂಡಿತು. ಆದರೆ ಆ ದಶಕಗಳಲ್ಲಿ ಅದೊಂದು ಸಣ್ಣ ರೋಗವೆಂದೇ ಎಣಿಸಲ್ಪಟ್ಟಿತ್ತು; ಪಠ್ಯಪುಸ್ತಕದ ಒಂದೆರಡು ಸಾಲಿಗೆ ಮಾತ್ರ ಸೀಮಿತವಾಗಿತ್ತು. 2002ರ ನಂತರ ಚಿತ್ರ ಬದಲಾಯಿತು. ಕೊಪ್ಪಳ, ಬಾಗಲಕೋಟೆ, ವಿಜಯಪುರ ಮತ್ತು ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಗಳಲ್ಲಿ ಫಸಲಿಗೆ ಬಂದ ತೋಟಗಳೇ ಈ ರೋಗಕ್ಕೆ ತುತ್ತಾದವು. ಹಣ್ಣು ಬಿರಿದು ಕಪ್ಪಾಗಿ ಉದುರಿತು. ಗಿಡಗಳನ್ನು ಬುಡಸಮೇತ ಕಿತ್ತು ಬದುವಿಗೆ ಎಸೆದ ಹೊಲಗಳನ್ನು ಈ ಭಾಗದ ಹಿರಿಯರು ಮರೆತಿರಲಾರರು. ಗಿಡ ಹೋಯಿತು, ಸಾಲ ಉಳಿಯಿತು. ದಾಳಿಂಬೆಗಾಗಿಯೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಸೋಲಾಪುರದಲ್ಲಿ ಆರಂಭವಾದದ್ದು 2005ರಲ್ಲಿ. ಅಂದಿನಿಂದ ಇಂದಿನವರೆಗೆ ಬಹಳಷ್ಟು ಸಂಶೋಧನೆ ನಡೆದಿದೆ. ಆದರೂ ಮಾರುಕಟ್ಟೆಯಲ್ಲಿ ಬೆಲೆಯಿರುವ ಗಣೇಶ್, ಭಗವಾ ಮುಂತಾದ ತಳಿಗಳಲ್ಲಿ ಒಂದಕ್ಕೂ ಈ ರೋಗವನ್ನು ತಡೆದು ನಿಲ್ಲುವ ಶಕ್ತಿ ಇಲ್ಲ.

ಈ ಉಪನ್ಯಾಸಕ್ಕೆ ಫಸಲಿನ ತೋಟವನ್ನಲ್ಲದೆ ಎಳೆಯ ಗಿಡವನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಹಣ್ಣಿನ ಮೇಲೆ ಕಾಣುವ ಕಲೆಗೆ ರೈತನು ಕೂಡಲೇ ಓಡಾಡುತ್ತಾನೆ. ಏಕೆಂದರೆ ಅದರಲ್ಲಿ ದುಡ್ಡಿದೆ. ಒಂದು ವರ್ಷದ ಗಿಡದ ಎಲೆಯಲ್ಲಿ ನಾಲ್ಕು ಚುಕ್ಕೆ ಕಂಡರೆ ‘ಚಿಗುರು ಬಂದರೆ ಸರಿಹೋಗುತ್ತದೆ’ ಎಂದು ಸುಮ್ಮನಾಗುತ್ತಾನೆ. ಆದರೆ ಎರಡು ವರ್ಷದವರೆಗಿನ ಗಿಡಕ್ಕೆ ಎಲೆಯೇ ಅಡುಗೆಮನೆ, ಎಲೆಯೇ ಕಣಜ. ಬೇರು ಇಳಿಯುವುದು, ಕಾಂಡ ದಪ್ಪವಾಗುವುದು, ನಾಲ್ಕು ದಿಕ್ಕಿಗೂ ರೆಂಬೆ ಒಡೆಯುವುದು ಎಲ್ಲವೂ ಎಲೆಯ ದುಡಿಮೆಯಿಂದಲೇ. ದೊಡ್ಡ ಮರಕ್ಕೆ ಹತ್ತರಲ್ಲಿ ಎರಡು ಪಾಲು ಎಲೆ ಉದುರಿದರೆ ತಡೆದುಕೊಳ್ಳುತ್ತದೆ. ಎಳೆಯ ಗಿಡ ಆ ಮಳೆಗಾಲವನ್ನೇ ಕಳೆದುಕೊಳ್ಳುತ್ತದೆ. ಅಷ್ಟೇ ಅಲ್ಲದೆ ಎಲೆಯಿಂದ ಕಾಂಡದ ಗೆಣ್ಣಿಗೆ ಇಳಿದ ದುಂಡಾಣು ಅಲ್ಲಿಯೇ ಬೀಡುಬಿಟ್ಟು, ಮೂರನೆಯ ವರ್ಷ ಮೊದಲ ಫಸಲು ಹಿಡಿದಾಗ ಹಣ್ಣಿಗೆ ಹತ್ತುತ್ತದೆ.

ಆದ್ದರಿಂದ ಮೊದಲು ಎಲೆಯನ್ನು ಓದುವುದನ್ನು ಕಲಿಯಬೇಕು. ಔಷಧಿ ಅಂಗಡಿಗೆ ಹೋಗಿ ‘ಎಲೆಗೆ ಚುಕ್ಕೆ ಬಿದ್ದಿದೆ, ಏನಾದರೂ ಕೊಡಿ’ ಎಂದರೆ, ಅಂಗಡಿಯವನು ಕಪಾಟಿನಲ್ಲಿ ಇರುವುದನ್ನು ಕೊಡುತ್ತಾನೆ. ಅವನ ತಪ್ಪು ಅದರಲ್ಲಿ ಅರ್ಧ ಮಾತ್ರ.

ದುಂಡಾಣು ಅಂಗಮಾರಿಯ ಚುಕ್ಕೆ ಮೊದಲಿಗೆ ಸೂಜಿಯ ತುದಿಯಷ್ಟು ಇರುತ್ತದೆ. ನೀರು ಅಥವಾ ಎಣ್ಣೆ ಹೀರಿದ ಕಾಗದದಂತೆ ತೋರುತ್ತದೆ. ಎಲೆಯನ್ನು ಕಿತ್ತು ಬೆಳಗಿನ ಬಿಸಿಲಿಗೆ ಅಡ್ಡಹಿಡಿದರೆ ಆ ಭಾಗದಲ್ಲಿ ಬೆಳಕು ಪಾರಾಗುತ್ತದೆ. ಕೆಲವು ದಿನಗಳಲ್ಲಿ ಚುಕ್ಕೆಯ ನಡುಭಾಗ ಕಂದು-ಕಪ್ಪು ಬಣ್ಣಕ್ಕೆ ತಿರುಗಿ, ಸುತ್ತಲೂ ಹಳದಿ ಅಂಚು ಮೂಡುತ್ತದೆ. ಚುಕ್ಕೆಗಳು ಕೂಡಿಕೊಂಡಾಗ ಎಲೆ ಹಳದಿಯಾಗಿ ಉದುರುತ್ತದೆ. ಕಾಂಡದ ಗೆಣ್ಣಿನಲ್ಲಿ ಕಪ್ಪು ಕಲೆ ಬಿದ್ದು, ತೊಗಟೆ ಸೀಳಿ, ಕಲೆ ಸುತ್ತುವರಿದಾಗ ರೆಂಬೆ ಆ ಜಾಗದಲ್ಲಿಯೇ ಕೈ ತಾಗಿದರೆ ಮುರಿಯುತ್ತದೆ. ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗವೂ ದಾಳಿಂಬೆಯಲ್ಲಿ ಉಂಟು. ಅದರಲ್ಲಿ ಈ ನೀರು ಹೀರಿದ ಪಾರದರ್ಶಕ ಲಕ್ಷಣ ಸಾಮಾನ್ಯವಾಗಿ ಕಾಣುವುದಿಲ್ಲ.

ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಹೊಸ ಚುಕ್ಕೆಯ ಅಂಚಿನಿಂದ ಬ್ಲೇಡಿನಲ್ಲಿ ಸಣ್ಣ ತುಂಡನ್ನು ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಶುದ್ಧ ನೀರಿನಲ್ಲಿಟ್ಟು, ತೆಳುಗಾಜು ಮುಚ್ಚಿ ನೋಡಬೇಕು. ದುಂಡಾಣುವಿನ ರೋಗವಾಗಿದ್ದರೆ ಕತ್ತರಿಸಿದ ಅಂಚಿನಿಂದ ಹೊಗೆ ಎದ್ದಂತೆ ಮಸುಕಾದ ಧಾರೆ ನೀರಿಗೆ ಹರಿಯುತ್ತದೆ. ಆ ಹೊಗೆಯಲ್ಲಿರುವುದು ಲೆಕ್ಕವಿಲ್ಲದಷ್ಟು ದುಂಡಾಣುಗಳು. ಶಿಲೀಂಧ್ರದ ಚುಕ್ಕೆಯಿಂದ ಹೀಗೆ ಧಾರೆ ಬರುವುದಿಲ್ಲ. ಹತ್ತು ನಿಮಿಷದ ಈ ಪರೀಕ್ಷೆ ಸಾವಿರಾರು ರೂಪಾಯಿಯ ತಪ್ಪು ಔಷಧಿಯನ್ನು ಉಳಿಸಬಲ್ಲದು.

ಈ ದುಂಡಾಣುವಿನ ಹೆಸರು ಕ್ಸಾಂಥೊಮೊನಾಸ್. ಅದಕ್ಕೆ ರೆಕ್ಕೆಯಿಲ್ಲ, ಬೀಜವಿಲ್ಲ. ನೀರೇ ಅದರ ವಾಹನ. ಮಳೆಹನಿ ರೋಗದ ಎಲೆಯ ಮೇಲೆ ಬಿದ್ದು ಸಿಡಿದಾಗ ಅದು ಪಕ್ಕದ ಗಿಡಕ್ಕೆ ಹಾರುತ್ತದೆ. ಮಳೆಯೊಡನೆ ಗಾಳಿ ಬೀಸಿದರೆ ಸಾಲಿನಿಂದ ಸಾಲಿಗೆ ದಾಟುತ್ತದೆ. ಎಲೆಯ ಉಸಿರುರಂಧ್ರಗಳಿಂದಲೂ ಸಣ್ಣ ಗಾಯಗಳಿಂದಲೂ ಒಳಹೊಗುತ್ತದೆ. ಮೂವತ್ತು ಡಿಗ್ರಿಯ ಆಸುಪಾಸಿನ ಉಷ್ಣತೆ, ಎಂಬತ್ತಕ್ಕೆ ಮೀರಿದ ಆರ್ದ್ರತೆ, ಮೋಡ ಕವಿದ ದಿನಗಳು ಅದಕ್ಕೆ ಹಬ್ಬ. ಈ ಸೀಮೆ ಮಳೆ ಕಡಿಮೆಯಾದ ಬಯಲುಸೀಮೆಯೇ ಆದರೂ, ಬೀಳುವ ಮಳೆಯಲ್ಲಿ ದೊಡ್ಡ ಪಾಲು ಪುಬ್ಬಾ, ಉತ್ತರಾ, ಹಸ್ತಾ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ಹಾಗೂ ಅಕ್ಟೋಬರ್ ಆರಂಭದಲ್ಲಿ ಬೀಳುತ್ತದೆ. ಎಳೆಯ ಗಿಡ ಹೊಸ ಚಿಗುರು ಹೊತ್ತು ನಿಂತಿರುವುದೂ ಆಗಲೇ. ವರ್ಷದ ಉಳಿದ ತಿಂಗಳುಗಳಲ್ಲಿ ಮಾಡುವ ಸಿಂಪರಣೆಗಿಂತ ಈ ಆರು ವಾರಗಳ ಕಾವಲು ಹೆಚ್ಚು ಮುಖ್ಯ.

ಮಳೆಗಿಂತಲೂ ದೂರಕ್ಕೆ ಈ ರೋಗವನ್ನು ಒಯ್ದದ್ದು ಮನುಷ್ಯನೇ. ದಾಳಿಂಬೆಯ ಸಸಿಯನ್ನು ಬಹುಮಟ್ಟಿಗೆ ಗೂಟಿ ಕಟ್ಟಿ ಮಾಡುತ್ತಾರೆ. ರೋಗವಿರುವ ತೋಟದ ರೆಂಬೆಗೆ ಗೂಟಿ ಕಟ್ಟಿದರೆ ಸಸಿ ಹುಟ್ಟುವಾಗಲೇ ರೋಗವನ್ನು ಹೊತ್ತುಬರುತ್ತದೆ. ಬೇಡಿಕೆ ಏರಿದ ವರ್ಷಗಳಲ್ಲಿ ಎಲ್ಲಿಂದ ಬಂದಿತೆಂದು ಕೇಳದೆ, ಲಾರಿಗಟ್ಟಲೆ ಗೂಟಿ ಸಸಿಗಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸಲಾಯಿತು. ರೋಗ ಹೊಲದಿಂದ ಹೊಲಕ್ಕೆ ನಡೆದುಕೊಂಡು ಬರುವ ಬದಲು ರಸ್ತೆ ಹಿಡಿದು ಬಂದಿತು. ಈಗ ಅಂಗಾಂಶ ಕೃಷಿಯ ಸಸಿಗಳು ದೊರೆಯುತ್ತಿವೆ. ಅವು ಪ್ರಯೋಗಾಲಯದಿಂದ ಹೊರಬರುವಾಗ ಶುದ್ಧವಾಗಿರುತ್ತವೆ ಎಂಬುದು ನಿಜ. ಆದರೆ ‘ಅಂಗಾಂಶ ಸಸಿಗೆ ರೋಗ ಬರುವುದಿಲ್ಲ’ ಎಂದು ಹಲವರು ನಂಬಿರುವುದು ತಪ್ಪು. ಶುದ್ಧವಾದ ಕೂಸನ್ನು ದಡಾರ ಇರುವ ಓಣಿಗೆ ತಂದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಪಕ್ಕದ ಹೊಲದಲ್ಲಿ ಪಾಳುಬಿದ್ದ ಹಳೆಯ ದಾಳಿಂಬೆ ತೋಟವಿದ್ದರೆ, ಸಸಿ ಎಷ್ಟು ದುಬಾರಿಯದ್ದಾದರೂ ಪ್ರಯೋಜನವಿಲ್ಲ. ಮೊದಲು ಆ ಪಾಳು ಗಿಡಗಳನ್ನು ತೆಗೆಸುವ ಮಾತುಕತೆ ಆಗಬೇಕು. ಇದು ಔಷಧಿಯ ಪ್ರಶ್ನೆಯಲ್ಲ, ನೆರೆಹೊರೆಯ ಪ್ರಶ್ನೆ.

ಸಸಿ ಕೊಳ್ಳುವಾಗ ಪ್ರತಿ ಸಸಿಯ ಎಲೆಯನ್ನೂ ಮಗುಚಿ ನೋಡಬೇಕು, ಗೆಣ್ಣುಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಸಾಧ್ಯವಿದ್ದರೆ ತಾಯಿಗಿಡವಿರುವ ತೋಟವನ್ನೇ ಮಳೆಗಾಲದಲ್ಲಿ ಒಮ್ಮೆ ಕಂಡುಬರಬೇಕು. ಬೇಸಿಗೆಯಲ್ಲಿ ಎಲ್ಲ ತೋಟಗಳೂ ಆರೋಗ್ಯವಾಗಿಯೇ ಕಾಣುತ್ತವೆ. ನಾಟಿಯ ಅಂತರವನ್ನು ಹದಿನೈದು ಅಡಿ ಹತ್ತು ಅಡಿಗಿಂತ ಕಡಿಮೆ ಮಾಡಬಾರದು. ಈ ಲೆಕ್ಕದಲ್ಲಿ ಎಕರೆಗೆ 290 ಗಿಡಗಳಾಗುತ್ತವೆ. ಹತ್ತು ಅಡಿ ಎಂಟು ಅಡಿಗೆ ನೆಟ್ಟು 540ಕ್ಕೂ ಹೆಚ್ಚು ಗಿಡ ಕೂರಿಸಿದವರ ತೋಟದಲ್ಲಿ ಮೂರನೆಯ ವರ್ಷಕ್ಕೆ ರೆಂಬೆಗಳು ಒಂದನ್ನೊಂದು ತಬ್ಬಿಕೊಂಡು, ಮಳೆ ನಿಂತು ಮಧ್ಯಾಹ್ನವಾದರೂ ಒಳಗಿನ ಎಲೆ ಆರುವುದಿಲ್ಲ. ಗಾಳಿ ಬರುವ ದಿಕ್ಕಿನ ಬದುವಿನಲ್ಲಿ ಗೊಬ್ಬರದ ಗಿಡ, ಸರ್ವೆ, ಹೊಂಗೆಗಳ ಬೇಲಿಯಿದ್ದರೆ ಮಳೆಯೊಡನೆ ಬರುವ ಗಾಳಿಯ ರಭಸ ಮುರಿಯುತ್ತದೆ. ಜೀವಂತ ಬೇಲಿಯಿಂದ ಹಸಿರೆಲೆ ಗೊಬ್ಬರ ದೊರೆಯುವುದು ಮತ್ತೊಂದು ಲಾಭ.

ಈ ಊರಿನ ತೋಟಗಳಿಗೆ ವಿಶೇಷವಾದ ಇನ್ನೊಂದು ಸಂಗತಿ ಧೂಳು. ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿ ಮರಿಯಮ್ಮನಹಳ್ಳಿಯ ಮೂಲಕವೇ ಹಾಯುತ್ತದೆ. ಸಂಡೂರಿನ ಗುಡ್ಡಗಳ ಅದಿರು ಈ ಸೀಮೆಯ ರಸ್ತೆಗಳಲ್ಲಿ ವರ್ಷಗಟ್ಟಲೆ ಹರಿದಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳ ಸಾಲು ನಿಂತಿತ್ತು. 2013ರ ಏಪ್ರಿಲ್‌ನ ತೀರ್ಪಿನ ನಂತರ, ಮಿತಿ ಹಾಗೂ ಷರತ್ತುಗಳಿಗೆ ಒಳಪಟ್ಟು ಗಣಿಗಾರಿಕೆ ಮುಂದುವರಿದಿದೆ. ರಸ್ತೆಯಂಚಿನ ಗಿಡದ ಎಲೆಯ ಮೇಲೆ ಕೂರುವ ಕೆಂಪು ಪದರ ರೋಗವಲ್ಲ. ಆದರೆ ರೋಗಕ್ಕೆ ದಾರಿ ಮಾಡುತ್ತದೆ. ಬೆಳಕು ತಡೆಯುವುದರಿಂದ ಗಿಡ ಸೊರಗುತ್ತದೆ. ಸಿಂಪಡಿಸಿದ ದ್ರಾವಣ ಎಲೆಗೆ ಅಂಟದೆ ಧೂಳಿಗೆ ಅಂಟುತ್ತದೆ. ಧೂಳು ಹಿಡಿದ ಎಲೆಯ ತಳದಲ್ಲಿ ಜೇಡನುಸಿ ಬೆಳೆಯುತ್ತದೆ. ನುಸಿಯನ್ನು ತಿನ್ನುವ ಸಣ್ಣ ಮಿತ್ರಜೀವಿಗಳಿಗೆ ಧೂಳಿನಲ್ಲಿ ಬದುಕುವುದು ಕಷ್ಟ. ಎಲೆ ಕಂಚಿನ ಬಣ್ಣಕ್ಕೆ ತಿರುಗಿದಾಗ ರೈತನು ಅದನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆಯುತ್ತಾನೆ. ಒದ್ದೆ ಬಟ್ಟೆಯಿಂದ ಒಂದೆರಡು ಎಲೆಗಳನ್ನು ಎರಡೂ ಬದಿ ಒರೆಸಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ತೀರ್ಮಾನ ಮಾಡಬೇಕು. ರಸ್ತೆಗೆ ತಾಗಿದ ಮೊದಲ ಎರಡು ಸಾಲಿನ ಎಳೆಗಿಡಗಳಿಗೆ ಒಣಹವೆಯ ದಿನಗಳಲ್ಲಿ, ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬರೀ ನೀರು ಹಾಯಿಸಿ ತೊಳೆಯುವುದು ಅಗ್ಗದ ಮದ್ದು. ಮಳೆಗಾಲದಲ್ಲಿ ಮಾತ್ರ ಇದನ್ನು ಮಾಡಕೂಡದು.

ರೋಗವೇ ಅಲ್ಲದ ಎಲೆಯ ತೊಂದರೆಗಳು ಇನ್ನೂ ಇವೆ. ಎರೆಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚಿರುವೆಡೆ, ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣ ಅಥವಾ ಸತುವಿನ ಕೊರತೆ. ಕಾಲುವೆ ನೀರಿನಿಂದ ಸವುಳಾದ ಹೊಲದಲ್ಲಿ ಮಾವು, ನಿಂಬೆಗಳ ಎಲೆಯ ತುದಿ-ಅಂಚುಗಳು ಸುಟ್ಟಂತಾಗುವುದು ಉಪ್ಪಿನ ಬಾಧೆ. ಇವೆರಡಕ್ಕೂ ಮೈಲುತುತ್ತ ಹೊಡೆದರೆ ಖರ್ಚು ಮಾತ್ರ ಲಾಭ.

ನಿಂಬೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಎಳೆಯ ನಿಂಬೆ ಎಲೆಯ ಮೇಲೆ ಬೆಳ್ಳಿಯ ಬಣ್ಣದ ಅಂಕುಡೊಂಕು ಗೆರೆ ಎಳೆಯುವ ಹುಳುವಿಗೆ ನಮ್ಮ ಜನ ಇಟ್ಟ ಹೆಸರು ರಂಗೋಲಿ ಹುಳು. ಅದು ಎಲೆಯ ಹೊರಪೊರೆಯ ಅಡಿಯಲ್ಲಿ ಸುರಂಗ ಕೊರೆಯುತ್ತಾ ಹೋಗುತ್ತದೆ. ಎಲೆ ಮುದುಡುತ್ತದೆ, ಅಷ್ಟೇ ಆಗಿದ್ದರೆ ಗಿಡ ಸಹಿಸುತ್ತಿತ್ತು. ಆದರೆ ಆ ಸುರಂಗದ ಗಾಯದಿಂದಲೇ ನಿಂಬೆಯ ಕಜ್ಜಿ ರೋಗದ ದುಂಡಾಣು ಒಳಹೊಗುತ್ತದೆ. ಅದೂ ದಾಳಿಂಬೆಯ ದುಂಡಾಣುವಿನ ದಾಯಾದಿಯೇ. ಎಲೆಯ ಎರಡೂ ಬದಿಗಳಲ್ಲಿ ಉಬ್ಬಿದ, ಬಿರುಸಾದ, ಹಳದಿ ಅಂಚಿನ ಕಲೆಗಳು ಬಿದ್ದರೆ ಅದು ಕಜ್ಜಿ. ಆದ್ದರಿಂದ ನಿಂಬೆಯಲ್ಲಿ ಹುಳುವನ್ನು ತಡೆದವನು ರೋಗವನ್ನು ಅರ್ಧ ತಡೆದಂತೆ. ಐದು ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ನೂರು ಲೀಟರಿಗೆ ನೀರು ಕೂಡಿಸಿ, ಸ್ವಲ್ಪ ಸಾಬೂನು ಕದಡಿದರೆ ಶೇಕಡಾ ಐದರ ಕಷಾಯ. ಇದನ್ನು ಚಿಗುರು ಬೆರಳುದ್ದ ಇರುವಾಗಲೇ, ಸಂಜೆಯ ವೇಳೆ ಸಿಂಪಡಿಸಬೇಕು. ರಂಗೋಲಿ ಪೂರ್ತಿ ಬಿಡಿಸಿದ ಮೇಲೆ ಸಿಂಪಡಿಸಿದರೆ ಹುಳುವಿಗೆ ಏನೂ ಆಗದು.

ಪಪ್ಪಾಯಿಯದು ಬೇರೆಯೇ ಕತೆ. ಉಂಗುರಚುಕ್ಕೆ ನಂಜು ರೋಗಕ್ಕೆ ಔಷಧಿಯೇ ಇಲ್ಲ. ಸಸ್ಯಹೇನು ಕ್ಷಣಮಾತ್ರ ಎಲೆಯನ್ನು ಚುಚ್ಚಿದರೂ ನಂಜು ದಾಟಿಬಿಡುವುದರಿಂದ, ಕೀಟನಾಶಕ ಕೂಡ ತಡವಾಗಿಯೇ ತಲಪುತ್ತದೆ. ಸಸಿಗಳನ್ನು ಬಲೆಯೊಳಗೆ ಬೆಳೆಸುವುದು, ಹೊಲದ ಸುತ್ತ ಎರಡು ಸಾಲು ಮುಸುಕಿನ ಜೋಳವನ್ನು ಮುಂಚಿತವಾಗಿ ಬಿತ್ತುವುದು, ಎಲೆ ಹಳದಿ-ಹಸಿರು ಮಚ್ಚೆಯಾಗಿ ದಾರದಂತೆ ಸಣ್ಣಗಾದ ಗಿಡವನ್ನು ಮರುಕಪಡದೆ ಕೀಳುವುದು, ಇಷ್ಟೇ ಉಪಾಯ. ಬಳ್ಳಾರಿಯ ಹೆಸರನ್ನೇ ಹೊತ್ತ ತಳಿಯಿರುವ ಅಂಜೂರಕ್ಕೆ ತುಕ್ಕು ರೋಗ ಬರುತ್ತದೆ. ಎಲೆಯ ತಳದಲ್ಲಿ ತುಕ್ಕಿನ ಪುಡಿ ಕೈಗೆ ಹತ್ತುವುದರಿಂದ ಗುರುತು ಸುಲಭ. ಬಾರೆ ಮತ್ತು ಮಾವಿನ ಬೂದಿ ರೋಗಕ್ಕೆ ನೀರಿನಲ್ಲಿ ಕದಡುವ ಗಂಧಕ ಸಾಕು. ಆದರೆ ಬಿಸಿಲು 35 ಡಿಗ್ರಿ ಮೀರಿದ ದಿನ ಗಂಧಕ ಹೊಡೆದರೆ ಎಲೆ ಬೆಂದುಹೋಗುತ್ತದೆ. ಈ ಊರಿನಲ್ಲಿ ಮಾರ್ಚ್ ಕಳೆದ ಮೇಲೆ ಅದನ್ನು ಮರೆಯುವುದೇ ಲೇಸು.

ಈಗ ಬೋರ್ಡೋ ದ್ರಾವಣದ ಮಾತು. ಇದರ ಹುಟ್ಟು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಬಳಿಯುವ ರೂಢಿ ಅಲ್ಲಿತ್ತು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಹತ್ತದಿರುವುದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದ. ಕನ್ನಡ ನಾಡಿಗೆ ಅದು ಬೇರೂರಿದ್ದು ಮಲೆನಾಡಿನ ಅಡಿಕೆಯ ಕೊಳೆರೋಗದ ಮೂಲಕ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣವನ್ನು ಅಧ್ಯಯನ ಮಾಡಿ, 1910ರಲ್ಲಿ ಅದರ ವರದಿ ಪ್ರಕಟಿಸಿ, ಮಳೆಗೆ ಮೊದಲು ಗೊನೆಗಳಿಗೆ ಬೋರ್ಡೋ ಹೊಡೆಯುವುದನ್ನು ರೂಢಿಗೆ ತಂದರು. ಇಂದಿಗೂ ಮಲೆನಾಡಿನಲ್ಲಿ ಅದು ನಡೆದುಬಂದಿದೆ. ಬಯಲುಸೀಮೆಯ ರೈತನಿಗೆ ಅದು ಅಂಗಡಿಯ ಡಬ್ಬಿಯಷ್ಟು ಪರಿಚಿತವಲ್ಲ. ತಾನೇ ತಯಾರಿಸಬಹುದಾದುದನ್ನು ತಿಳಿಯದೆ ಹೊರಗಿನಿಂದ ಕೊಳ್ಳುತ್ತಿದ್ದಾನೆ.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ, ನೂರು ಲೀಟರ್ ನೀರು ಬೇಕು. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ, ಅರಳಿಸಿದ ಸುಣ್ಣವನ್ನು ಮತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಸೋಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕದಡಬೇಕು. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯೇ ಆಗಬೇಕು. ಕಬ್ಬಿಣದ ಡ್ರಮ್ ಬಳಸಿದರೆ ಮೈಲುತುತ್ತ ಡ್ರಮ್ಮನ್ನೇ ತಿನ್ನುತ್ತದೆ. ಸಿದ್ಧವಾದ ದ್ರಾವಣ ಆಕಾಶದ ನೀಲಿಯಾಗಿರಬೇಕು. ಉಜ್ಜಿ ತೊಳೆದ ಕುಡುಗೋಲಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಮಾಡಿದ ದಿನವೇ ಬಳಸಬೇಕು. ಒಂದೆರಡು ವರ್ಷದ ಗಿಡದ ಎಳೆಯ ಚಿಗುರಿಗೆ ಶೇಕಡಾ ಅರ್ಧದ ದ್ರಾವಣವೇ ಸಾಕು; ಪೂರ್ಣ ಬಲದ್ದು ಚಿಗುರನ್ನು ಸುಡಬಹುದು. ಬೇಗ ಒಣಗುವ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗವಸು, ಮೂಗಿಗೆ ಬಟ್ಟೆ ಇಲ್ಲದೆ ಪಂಪು ಹೊರಬಾರದು.

ಒಂದು ವಿಷಯ ಸ್ಪಷ್ಟವಾಗಿರಲಿ. ತಾಮ್ರವು ಎಲೆಯ ಮೇಲೆ ಕೂತು ಒಳಬರುವ ದುಂಡಾಣುವನ್ನು ತಡೆಯುತ್ತದೆ, ಒಳಹೊಕ್ಕದ್ದನ್ನು ಕೊಲ್ಲಲಾರದು. ಆದ್ದರಿಂದ ಪುಬ್ಬಾ ಮಳೆಗೆ ಮೊದಲು ಹೊಡೆಯಬೇಕೇ ಹೊರತು ಹಸ್ತಾ ಮಳೆಯಲ್ಲಿ ಎಲೆ ಉದುರಿದ ಮೇಲಲ್ಲ. ಮತ್ತೊಂದು ಸಂಗತಿಯನ್ನು ಪರಿಸರದ ಮಾತಾಡುವವರು ಮುಚ್ಚಿಡಬಾರದು. ಬೋರ್ಡೋ ದ್ರಾವಣವನ್ನು ಸಾವಯವ ಕೃಷಿಯಲ್ಲಿ ಒಪ್ಪಿದ್ದಾರೆ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಹೆಚ್ಚಾದರೆ ಎರೆಹುಳುವಿಗೆ ಕುತ್ತು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಎಕರೆಗೆ ಸಲಕ್ಕೆ 200 ಲೀಟರಿನಂತೆ ಶೇಕಡಾ ಒಂದರ ದ್ರಾವಣವನ್ನು ವರ್ಷಕ್ಕೆ ಹತ್ತು ಸಲ ಹೊಡೆದರೆ ಐದು ಕಿಲೋ ತಾಮ್ರ, ಎಂದರೆ ಹೆಕ್ಟೇರಿಗೆ ಹನ್ನೆರಡು ಕಿಲೋ ಮಣ್ಣು ಸೇರುತ್ತದೆ. ಯುರೋಪ್ ಒಕ್ಕೂಟವು 2019ರಿಂದ ವಿಧಿಸಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ. ವರ್ಷಕ್ಕೆ ಸರಾಸರಿ ನಾಲ್ಕು. ವರ್ಷಕ್ಕೆ ಮೂರು ಸಲ, ಸರಿಯಾದ ಕಾಲದಲ್ಲಿ ಹೊಡೆದರೆ ಲೆಕ್ಕ ಅದರೊಳಗೇ ಇರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಪ್ರತಿಜೈವಿಕಗಳ ಬಳಕೆ. ದಾಳಿಂಬೆ ಬೆಳೆಗಾರರಲ್ಲಿ ಸ್ಟ್ರೆಪ್ಟೊಸೈಕ್ಲಿನ್ ಎಂಬ ಪುಡಿಯ ಹೆಸರು ಕೇಳದವರಿಲ್ಲ. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಮನುಷ್ಯರ ಕ್ಷಯರೋಗಕ್ಕೆ ಕೊಟ್ಟ ಮೊದಲ ಮದ್ದುಗಳಲ್ಲಿ ಸ್ಟ್ರೆಪ್ಟೊಮೈಸಿನ್ ಒಂದು. ವಾರಕ್ಕೊಮ್ಮೆ ಹೊಲಕ್ಕೆ ಸುರಿದಾಗ ದುಂಡಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಕೊನೆಗೆ ಗಿಡಕ್ಕೂ ನಾಟುವುದಿಲ್ಲ, ಮನುಷ್ಯನಿಗೂ ನಾಟದ ಸ್ಥಿತಿ ಹತ್ತಿರ ಬರುತ್ತದೆ. ಕೃಷಿಯಲ್ಲಿ ಇವುಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿಯೇ ಹೊರಡಿಸಿತು. ಫಸಲೇ ಇಲ್ಲದ ಎಳೆಯ ಗಿಡಕ್ಕೆ ಇದನ್ನು ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಾಗೆಂದು ಪಂಚಗವ್ಯ, ಜೀವಾಮೃತಗಳು ಅಂಗಮಾರಿಯನ್ನು ಗುಣಪಡಿಸುತ್ತವೆ ಎಂಬ ಮಾತನ್ನೂ ನೆಚ್ಚಬಾರದು. ಅವು ಮಣ್ಣಿಗೆ ಹಿತವಾಗಿರಬಹುದು; ರೋಗ ಹೊತ್ತ ಗೆಣ್ಣನ್ನು ಕತ್ತರಿಸುವ ಕೆಲಸಕ್ಕೆ ಬದಲಿಯಾಗಲಾರವು.

ಕತ್ತರಿಸುವಾಗ ಕಪ್ಪು ಕಲೆಗಿಂತ ಎರಡು ಅಂಗುಲ ಕೆಳಗೆ, ಒಣಹವೆಯ ದಿನ ಕತ್ತರಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಕೂಲಿಯವರ ತಂಡ ಒಂದೇ ಕತ್ತರಿಯಿಂದ ದಿನಕ್ಕೆ ಮೂರು ತೋಟ ಚಾಟ್ನಿ ಮಾಡಿ ಮುಗಿಸುವುದು ಈ ಭಾಗದಲ್ಲಿ ಸಾಮಾನ್ಯ. ರೋಗಕ್ಕೆ ಅದಕ್ಕಿಂತ ಒಳ್ಳೆಯ ಮೆರವಣಿಗೆ ಬೇರೆಯಿಲ್ಲ. ಕತ್ತರಿಸಿದ ಬಾಯಿಗೆ ಶೇಕಡಾ ಹತ್ತರ ಬೋರ್ಡೋ ಮುಲಾಮು ಹಚ್ಚಬೇಕು.

ಉದುರಿದ ಎಲೆಯ ವಿಷಯದಲ್ಲಿ ಪರಿಸರಪ್ರಿಯರಿಗೆ ಒಂದು ಇಕ್ಕಟ್ಟಿದೆ. ಎಲೆಯನ್ನು ಸುಡಬೇಡಿ, ಗಿಡದ ಬುಡಕ್ಕೇ ಹೊದಿಸಿ ಎಂಬುದು ವರ್ಷಗಳಿಂದ ಬಂದ ಬೋಧನೆ. ಆದರೆ ರೋಗದ ದಾಳಿಂಬೆ ಎಲೆಯಲ್ಲಿ ಈ ದುಂಡಾಣು ಸುಮಾರು ನಾಲ್ಕು ತಿಂಗಳು ಜೀವಂತವಿರಬಲ್ಲದು. ಬುಡದಲ್ಲಿ ಬಿಟ್ಟರೆ ಮುಂದಿನ ಮಳೆಗೆ ಅದೇ ಬೀಜ. ಇಲಾಖೆಗಳು ಸುಡಲು ಹೇಳುತ್ತವೆ. ಮಧ್ಯದ ದಾರಿ ಇದೆ. ಕತ್ತರಿಸಿದ ಕಡ್ಡಿಗಳನ್ನು ಗುಂಡಿಯಲ್ಲಿ ಸುಡುವುದೇ ಸರಿ. ಅವು ಬೇಗ ಕೊಳೆಯುವುದಿಲ್ಲ. ಎಲೆಗಳನ್ನು ಮಾತ್ರ ಗುಡಿಸಿ ತೋಟದಿಂದ ದೂರದ ತಿಪ್ಪೆಗೆ ಒಯ್ದು, ಹಸಿ ಸಗಣಿಯೊಡನೆ ಪದರಪದರವಾಗಿ ಒಟ್ಟಿ, ಮಣ್ಣು ಮುಚ್ಚಬೇಕು. ರಾಶಿ ಚೆನ್ನಾಗಿ ಕಾದು ಒಳಗೆ ಕೈಯಿಡಲಾರದಷ್ಟು ಬಿಸಿಯಾದಾಗ ದುಂಡಾಣು ಉಳಿಯುವುದಿಲ್ಲ. ಒಮ್ಮೆ ಮಗುಚಿ ಹೊರಗಿನದ್ದನ್ನು ಒಳಕ್ಕೆ ತಂದು ಮತ್ತೆ ಕಾಯಿಸಬೇಕು. ಆ ಗೊಬ್ಬರವನ್ನು ದಾಳಿಂಬೆಗಲ್ಲದೆ ಜೋಳಕ್ಕೋ ಮೆಣಸಿನಕಾಯಿಗೋ ಹಾಕಿದರೆ ಇನ್ನೂ ಕ್ಷೇಮ. ದಾಳಿಂಬೆಯ ಬುಡದ ಹೊದಿಕೆಗೆ ಹೊಂಗೆಯ ಸೊಪ್ಪು, ಕಂಪ್ಲಿ ಕಡೆಯ ಭತ್ತದ ಹುಲ್ಲು ಇವೆ. ಹೊದಿಕೆಯಿದ್ದಲ್ಲಿ ಮಳೆಹನಿ ಮಣ್ಣನ್ನು ಸಿಡಿಸುವುದಿಲ್ಲ ಎಂಬುದೂ ಒಂದು ರಕ್ಷಣೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಉಳಿದಿದೆ. ಜಲಾಶಯದ ಹಿನ್ನೀರಿಗೆ ಹತ್ತಿರದ ತೋಟಗಳಲ್ಲಿ ಎಲೆಯ ಮೇಲಿನ ಇಬ್ಬನಿ ಬೆಳಗ್ಗೆ ಎಷ್ಟು ಗಂಟೆಗೆ ಆರುತ್ತದೆ, ಗುಡ್ಡದ ಕೆಳಗಿನ ತೋಟಗಳಲ್ಲಿ ಎಷ್ಟು ಗಂಟೆಗೆ ಆರುತ್ತದೆ ಎಂಬುದನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರೆದಿಡಬೇಕು. ಜೊತೆಗೆ ಪ್ರತಿ ತೋಟದ ಇಪ್ಪತ್ತು ಗಿಡಗಳಲ್ಲಿ ಎಷ್ಟಕ್ಕೆ ಚುಕ್ಕೆಯಿದೆ ಎಂದು ವಾರಕ್ಕೊಮ್ಮೆ ಎಣಿಸಬೇಕು. ಎರಡು ಮಳೆಗಾಲದ ಇಂಥ ದಾಖಲೆ ಇದ್ದರೆ, ಮುಂದೆ ಗಿಡ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದನ್ನು ಊರಿನವರೇ ಹೇಳಬಹುದು.

ಸಂದೇಹವಿದ್ದಾಗ ಎಲೆಯನ್ನು ತಜ್ಞರಿಗೆ ತೋರಿಸಬೇಕು. ಜಲಾಶಯದ ಆಚೆ ದಡದ ಮುನಿರಾಬಾದಿನಲ್ಲಿ ತೋಟಗಾರಿಕಾ ಮಹಾವಿದ್ಯಾಲಯವಿದೆ. ಒಯ್ಯುವಾಗ ಪೂರ್ತಿ ಒಣಗಿದ ಎಲೆಯನ್ನಲ್ಲ, ಈಗಷ್ಟೇ ಚುಕ್ಕೆ ಮೂಡಿದ ಎಲೆಯನ್ನು ತುಂಡು ರೆಂಬೆಯ ಸಮೇತ ಬೆಳಗ್ಗೆಯೇ ಕಿತ್ತು, ಹಳೆಯ ಸುದ್ದಿಪತ್ರಿಕೆಯಲ್ಲಿ ಹರಡಿ ಸುತ್ತಬೇಕು. ಆರೋಗ್ಯವಂತ ಗಿಡದ ಒಂದು ರೆಂಬೆಯನ್ನೂ ಬೇರೆ ಕಾಗದದಲ್ಲಿ ಇಟ್ಟುಕೊಳ್ಳಬೇಕು. ಸಸಿ ಎಲ್ಲಿಂದ ತಂದದ್ದು, ಯಾವ ತಿಂಗಳು ನೆಟ್ಟದ್ದು, ಕೊನೆಯದಾಗಿ ಏನು ಸಿಂಪಡಿಸಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇರಿಸಿ, ಅದೇ ದಿನ ತಲಪಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆತ ಎಲೆಯನ್ನು ನೋಡಿ ಯಾವ ತಜ್ಞನೂ ಏನನ್ನೂ ಹೇಳಲಾರ.